ಹದ್ದಿನಗುಂಡಿನ ಲಾಭ

ಹೊಸದಾಗಿ ಕೆಲಸಕ್ಕೆ ಸೇರಿದ ಗಾರ್ಡುಗಳು ಸಿಕ್ಕಾಗಲೆಲ್ಲ ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ಮೇಡಂ, ಚಿರತೆ ಎದುರಿಗೆ ಬಂದಿತ್ತಾ?" ಬಂದಿತ್ತು. ಅದು ನನ್ನ ನೋಡಿತು, ನಾನು ಅದನ್ನ ನೋಡಿದೆ, ಇಬ್ಬರೂ ನಮ್ಮ ನಮ್ಮ ದಾರಿ ಹಿಡಿದೆವು. ಅದರಲ್ಲಿ ಹೇಳುವಂಥದ್ದೇನಿಲ್ಲ. ನನ್ನ ಇಡೀ ಸೇವೆಯಲ್ಲಿ ಮರೆಯಲಾಗದ ಕೆಲಸ ಯಾವುದೆಂದರೆ, ದಸರೆ ಕಳೆದ ಮೇಲೆ ಹೊಸದುರ್ಗದ ಆಚೆಯ ಒಂದು ಬೋಳು ಗುಡ್ಡದ ಮೇಲೆ ಕುಳಿತು, ಕತ್ತು ನೋಯುವಷ್ಟು ಆಕಾಶ ನೋಡಿ, ಬೇಟೆ ಹಕ್ಕಿಗಳನ್ನು ಎಣಿಸಿದ್ದು. ಹೀಗೆಂದ ಕೂಡಲೇ ಅವರ ಮುಖ ಸಪ್ಪಗಾಗುತ್ತದೆ. "ಅಷ್ಟೇನಾ ಮೇಡಂ?" ಅನ್ನುತ್ತಾರೆ. ಅಷ್ಟೇ. ಆ ಅಷ್ಟೇ ಎಂಥದ್ದು ಎಂದು ಅವರಿಗೆ ತಿಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಸನ್ಮಾನದ ಶಾಲು ಇವುಗಳ ಸುದ್ದಿ ಇದರಲ್ಲಿ ಇಲ್ಲ.

ನನ್ನ ಅಪ್ಪನೂ ಗಾರ್ಡ್ ಆಗಿದ್ದವರು. ಅವರು ತೀರಿಕೊಂಡಾಗ ಅನುಕಂಪದ ಮೇಲೆ ಕೆಲಸ ನನಗೆ ಬಂತು. ಮೊದಲು ಹೊಳಲ್ಕೆರೆ ಕಡೆಯ ಒಂದು ನರ್ಸರಿಗೆ ಹಾಕಿದರು. ನೆರಳು, ನಲ್ಲಿ ನೀರು, ಸಸಿಯ ಚೀಲಕ್ಕೆ ಮಣ್ಣು ತುಂಬುವ ಹೆಂಗಸರ ಹರಟೆ. ಸುಖವಾಗಿದ್ದೆ. ಅಲ್ಲಿಂದ ಎತ್ತಿ ಈ ಗುಡ್ಡದ ಬೀಟಿಗೆ ಒಗೆದಾಗ ಯಾರೋ ಬೇಕಂತಲೇ ಮಾಡಿದ್ದಾರೆ ಎಂದು ವಾರಗಟ್ಟಲೆ ಸಿಡುಕಿದೆ. ಯಾರು ಮಾಡಿದರೋ, ಅವರು ತಣ್ಣಗಿರಲಿ.

ಗುಡ್ಡದ ನೆತ್ತಿಯಲ್ಲಿ ಒಂದು ಭಾರಿ ಬಂಡೆ ಇದೆ. ಸುತ್ತಲಿನವರು ಅದನ್ನು ಹದ್ದಿನಗುಂಡು ಅನ್ನುತ್ತಾರೆ. ಅದರ ಮೇಲೆ ನಿಂತರೆ ಒಂದು ಕಡೆ ಮಾರಿಕಣಿವೆಯ ಹಿನ್ನೀರು, ಇನ್ನೊಂದು ಕಡೆ ಹೊಸದುರ್ಗದ ತೆಂಗಿನ ತೋಟಗಳು, ಕಾಲ ಕೆಳಗೆ ಹುಲ್ಲಿನ ಕಾವಲು. ಮಳೆ ಹಿಂದೆ ಸರಿದು ಆ ಹುಲ್ಲು ಹಳದಿಗೆ ತಿರುಗುವ ಹೊತ್ತಿಗೆ ಉತ್ತರದಿಂದ ಹಕ್ಕಿಗಳು ಬರಲು ಶುರುವಾಗುತ್ತವೆ. ಅವುಗಳಲ್ಲಿ ಎರಡು ಬಗೆ. ದೊಡ್ಡ ಗಿಡುಗಗಳು ನೆಲ ಕಾದ ಮೇಲೆ ಬಿಸಿಗಾಳಿ ಹಿಡಿದು, ಗಿರಕಿ ಹೊಡೆಯುತ್ತಾ ಮೇಲೇರಿ, ಆಮೇಲೆ ರೆಕ್ಕೆ ಬಡಿಯದೆ ತೆಂಕಣಕ್ಕೆ ಜಾರಿಕೊಂಡು ಹೋಗುತ್ತವೆ. ನಮ್ಮಲ್ಲಿ ಇಳಿಯುವುದಿಲ್ಲ. ಇನ್ನೊಂದು ಬಗೆಗೆ ಸೆಳೆವ ಎಂದು ಹೆಸರು. ಉದ್ದ ರೆಕ್ಕೆ, ಉದ್ದ ಬಾಲ, ಗಂಡು ಬೂದಿ ಬಣ್ಣ, ಹೆಣ್ಣು ಕಂದು. ಹುಲ್ಲಿನ ತುದಿ ಸವರಿಕೊಂಡು ಹಾರುತ್ತವೆ. ಇವು ಚಳಿಗಾಲ ಪೂರ್ತಿ ಇಲ್ಲೇ ಉಳಿಯುತ್ತವೆ. ರಾತ್ರಿ ಮಲಗುವುದು ಮರದ ಮೇಲಲ್ಲ, ನೆಲದ ಮೇಲೆ, ಎತ್ತರದ ಹುಲ್ಲಿನ ನಡುವೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ.

ಮೊದಲ ವರ್ಷ ತರಬೇತಿ ಅಂತ ಅರ್ಧ ದಿನ ಗೋಡೆಯ ಮೇಲೆ ಚಿತ್ರ ತೋರಿಸಿ, ಒಂದು ಗಾಜು ಮಂಜಾಗಿದ್ದ ದುರ್ಬೀನು ಕೊಟ್ಟು ಕಳಿಸಿದರು. ದಾಟಿ ಹೋಗುವ ಹಕ್ಕಿಗಳ ಲೆಕ್ಕ ಬರೆಯಬೇಕು. ನಾನು ಭಾರಿ ಉಮೇದಿನಿಂದ ಬರೆದೆ. ಗುಡ್ಡದ ಹಿಂದಿನಿಂದ ಹಕ್ಕಿ ಬಂತು, ಬರೆದೆ. ಮತ್ತೆ ಬಂತು, ಮತ್ತೆ ಬರೆದೆ. ವಾರ ಕಳೆಯುವಷ್ಟರಲ್ಲಿ ನನ್ನ ಲೆಕ್ಕದ ಪ್ರಕಾರ ಭೂಮಿಯ ಮೇಲಿನ ಗಿಡುಗಗಳೆಲ್ಲ ಹೊಸದುರ್ಗ ತಾಲ್ಲೂಕಿನ ಮೇಲೇ ಹಾದುಹೋಗಿದ್ದವು. ಒಂದು ದಿನ ಒಂದು ಹಕ್ಕಿಯ ರೆಕ್ಕೆಯಲ್ಲಿ ಗರಿ ಉದುರಿ ಸಂದು ಬಿದ್ದಿರುವುದು ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಅದೇ ಸಂದು ಮತ್ತೆ ಬಂತು. ಆಮೇಲೆ ಇನ್ನೊಮ್ಮೆ. ಗಿರಕಿ ಹೊಡೆಯುತ್ತಿದ್ದ ಅವೇ ಹಕ್ಕಿಗಳನ್ನು ನಾನು ಸುತ್ತಿಗೊಂದು ಸಲ ಎಣಿಸಿದ್ದೆ. ಅಷ್ಟೂ ದಿನದ ಬರಹಕ್ಕೆ ಅಡ್ಡಗೀಟು ಹಾಕಿ ಬಂಡೆಯ ಮೇಲೆ ಕುಳಿತು ಅತ್ತುಬಿಟ್ಟೆ.

ಈ ಗೋಜಲು ಬಿಡಿಸಿದ್ದು ಕುರಿಗಳು. ಅವುಗಳ ಜೊತೆ ಬಂದವನು ಕಾಟಯ್ಯ, ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವನು. ಪ್ರತಿ ವರ್ಷ ಹುಲ್ಲು ಬಲಿಯುವ ಹೊತ್ತಿಗೆ ಮಂದೆ ಹೊಡೆದುಕೊಂಡು ಆದಿವಾಲ ದಾಟಿ, ದಾರಿಯ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸುತ್ತಾ, ನಮ್ಮ ಕಾವಲಿನ ಅಂಚಿಗೆ ಬಂದು ಬಿಡಾರ ಹೂಡುತ್ತಿದ್ದ. ಮೊದಲ ಸಲ ಸಿಕ್ಕಾಗ ಅವನ ಕುರಿಗಳೆಲ್ಲ ಕಾವಲಿನ ಒಳಗೇ ಇದ್ದವು.

"ಏನಪ್ಪ, ಇದು ಇಲಾಖೆ ಜಾಗ ಅಂತ ಗೊತ್ತಿಲ್ವಾ?" ಅಂತ ಜೋರು ಮಾಡಿದೆ.

"ನನಗೆ ಗೊತ್ತೈತೆ ಗಾರ್ಡಮ್ಮ. ಕುರಿಗೇ ಗೊತ್ತಿಲ್ಲ. ನೀವೇ ಒಂದು ಮಾತು ಹೇಳಿ ನೋಡ್ರಿ" ಅಂದ.

ಹೆಸರು ಕೇಳಿದೆ, ಹೇಳಿದ. "ಹೆಸರಿಗೆ ತಕ್ಕ ಹಾಗೆ ಕಾಟ ಕೊಡ್ತೀಯಲ್ಲಪ್ಪ" ಅಂದೆ. ನಕ್ಕ. ಅಲ್ಲಿಗೆ ನನ್ನ ಜೋರು ಮುಗಿಯಿತು. ಅಂಚಿನಲ್ಲಿ ಮೇಯಿಸಿಕೋ, ಹುಲ್ಲು ಎತ್ತರ ಬೆಳೆದ ತಗ್ಗಿಗೆ ಮಾತ್ರ ಇಳಿಸಬೇಡ ಅಂತ ಮಾತಾಯಿತು. ಅವನು ಮಾತು ಮುರಿಯಲಿಲ್ಲ, ನಾನು ಅವನ ಮೇಲೆ ಕೇಸು ಬರೆಯಲಿಲ್ಲ.

ಒಂದು ಬೆಳಿಗ್ಗೆ ಅವನು ಕುರಿ ಬಿಡುವುದನ್ನು ನೋಡುತ್ತಾ ನಿಂತಿದ್ದೆ. ಮುಳ್ಳಿನ ಬೇಲಿಯಲ್ಲಿ ಒಂದೇ ಒಂದು ಕುರಿ ನುಸುಳುವಷ್ಟು ಬಾಯಿ ಬಿಟ್ಟು, ಹೊರಗೆ ಬಂದದ್ದನ್ನಷ್ಟೇ ಎಣಿಸುತ್ತಿದ್ದ. ಒಳಗೆ ಅವು ಎಷ್ಟು ಸುತ್ತಿದರೂ ಅವನಿಗೆ ಸಂಬಂಧವಿಲ್ಲ. ನನಗೆ ತಲೆಯಲ್ಲಿ ದೀಪ ಹತ್ತಿತು. ಆಕಾಶಕ್ಕೂ ಒಂದು ಬೇಲಿ ಬಾಯಿ ಬೇಕು. ಆವತ್ತೇ ಗುಂಡಿನ ಮೇಲೆ ಹತ್ತಿ, ಎದುರು ಗುಡ್ಡದ ದೀಪದ ಕಂಬಕ್ಕೂ ಒಂಟಿ ಕಮರದ ಮರಕ್ಕೂ ನಡುವೆ ಗೆರೆ ಗೊತ್ತು ಮಾಡಿಕೊಂಡೆ. ಗಿರಕಿ ಬಿಟ್ಟು ಆ ಗೆರೆಯನ್ನು ತೆಂಕಣಕ್ಕೆ ದಾಟಿದ ಹಕ್ಕಿ ಮಾತ್ರ ಲೆಕ್ಕಕ್ಕೆ. ಈಗಲೂ ಅಲ್ಲಿ ಅದೇ ಗೆರೆ ನಡೆಯುತ್ತಿದೆ.

ಆ ಬೆಳಿಗ್ಗೆಯೇ ಇನ್ನೊಂದನ್ನೂ ಗಮನಿಸಿದ್ದೆ. ಕಾಟಯ್ಯ, ಅಷ್ಟರಲ್ಲಿ ನನಗೆ ಕಾಟಣ್ಣ ಆಗಿದ್ದವನು, ಮೊದಲ ಕುರಿಗೆ 'ಒಂದು' ಅನ್ನಲಿಲ್ಲ. "ಲಾಭ" ಅಂದ. ಆಮೇಲೆ ಎರಡು, ಮೂರು.

"ಇದೇನು ಕಾಟಣ್ಣ, ಕುರಿಗೂ ಲಾಭವಾ?"

"ನಿಮ್ಮನೇಲಿ ರಾಗಿ ಅಳೀವಾಗ ಏನಂತಾರೆ ತಂಗ್ಯಮ್ಮ?"

ಲಾಭ ಅಂತಲೇ ಅನ್ನುತ್ತಿದ್ದರು. ಮೊದಲ ಸೇರಿಗೆ ಅಜ್ಜಿ 'ಲಾಭ' ಅಂದು, ಅದನ್ನೇ ಬಾಯಲ್ಲಿ ಗುನುಗುತ್ತಾ ಎರಡನೆಯ ಸೇರು ತುಂಬುತ್ತಿದ್ದಳು. ನಾನು ಮರೆತಿದ್ದೆ.

"ಒಂದು ಅಂದ್ರೆ ಒಂದೇ ಆಗ್ತೈತೆ" ಅಂದ ಕಾಟಣ್ಣ. "ಲಾಭ ಅಂದ್ರೆ ಇನ್ನೂ ಬರಾದೈತೆ ಅಂತ."

ಅಂದಿನಿಂದ ನಾನು ಕೆಲಸದಲ್ಲಿದ್ದಷ್ಟು ಕಾಲ ನಮ್ಮ ಗುಡ್ಡದ ಮೇಲೆ ಯಾವ ಎಣಿಕೆಯೂ ಒಂದರಿಂದ ಶುರುವಾಗಲಿಲ್ಲ.

ಕಾಟಣ್ಣನಿಗೆ ಹಕ್ಕಿ ಮೇಲೆ ಪ್ರೀತಿ ಇತ್ತು ಅಂತ ತಿಳಿಯಬೇಡಿ. ಸೆಳೆವ ಕಂಡರೆ ಕವಣೆ ತೆಗೆಯುತ್ತಿದ್ದ. ಎಳೆ ಮರಿ ಹೊತ್ತೊಯ್ಯುತ್ತವೆ ಅಂತ ಅವನ ವಾದ, ಆ ತೂಕ ಎತ್ತಲಾರವು ಅಂತ ನನ್ನ ವಾದ. ಒಂದು ವರ್ಷ ಪೂರ್ತಿ ಇದೇ ಜಗಳ. ಕೊನೆಗೆ ಒಂದು ಬೆಳಿಗ್ಗೆ ಹಕ್ಕಿಗಳು ಎದ್ದು ಹೋದ ಮೇಲೆ ಇಬ್ಬರೂ ತಗ್ಗಿಗೆ ಇಳಿದೆವು. ಹುಲ್ಲಿನ ನಡುವೆ ಅವು ಮಲಗಿದ್ದ ಜಾಗ ಅಚ್ಚು ಒತ್ತಿದ ಹಾಗೆ ಅದುಮಿಹೋಗಿತ್ತು, ಪಕ್ಕದಲ್ಲಿ ಅವು ಕಕ್ಕಿದ ಸಣ್ಣ ಸಣ್ಣ ಉಂಡೆಗಳು. ಬೇಟೆ ಹಕ್ಕಿ ಅರಗದ್ದನ್ನೆಲ್ಲ ಹೀಗೆ ಉಗುಳುತ್ತದೆ. ಕಾಟಣ್ಣ ಒಂದೊಂದನ್ನೇ ಉಗುರಿನಲ್ಲಿ ಬಿಡಿಸಿದ. ಮಿಡತೆ ಕಾಲು, ಇಲಿ ಕೂದಲು, ಮತ್ತೆ ಮಿಡತೆ ಕಾಲು. ಉಣ್ಣೆಯ ಎಳೆ ಎಲ್ಲೂ ಇಲ್ಲ.

"ಥೂ, ಮಿಡತೆ ತಿಂದು ಬದುಕ್ತಾವಲ್ಲ, ಇವಕ್ಕೆ ಇಷ್ಟು ದೊಡ್ಡ ರೆಕ್ಕೆ ಯಾಕೆ?" ಅಂತ ಬೈದ. ಸೋತದ್ದನ್ನು ಒಪ್ಪಿಕೊಳ್ಳುವ ಬಗೆ ಅದು. ಕವಣೆ ಆಮೇಲೆ ನಾಯಿ ಓಡಿಸುವುದಕ್ಕಷ್ಟೇ ಹೊರಬಂತು.

ಇಷ್ಟೆಲ್ಲ ನೆಮ್ಮದಿಯಾಗಿರುವಾಗ ಕಾವಲಿನ ಉದ್ದಕ್ಕೂ ಕೆಂಪು ಬಟ್ಟೆ ಕಟ್ಟಿದ ಗೂಟಗಳು ಎದ್ದವು. ಸಸಿ ನೆಡುವುದಕ್ಕೆ ಗುರುತು. ಕಾಗದದ ಮೇಲೆ ಹುಲ್ಲು ಎಂದರೆ ಖಾಲಿ ಜಾಗ, ಖಾಲಿ ಜಾಗ ಎಂದರೆ ಗುಂಡಿ ತೋಡಿ ಸಸಿ ಇಡಬೇಕಾದ ಜಾಗ. ನಮ್ಮ ರೇಂಜರ್ ಸಾಹೇಬರು ಕೆಟ್ಟವರಲ್ಲ. ಹೊಳಲ್ಕೆರೆ ಕಡೆಯ ಒಕ್ಕಲು ಮನೆಯವರು, ಕೈಯಾರೆ ನೆಟ್ಟ ಮರಗಳನ್ನು ಜೀಪು ನಿಲ್ಲಿಸಿ ಮುಟ್ಟಿ ನೋಡುತ್ತಿದ್ದವರು. ಅದೇ ತೊಡಕು. ಕೆಟ್ಟವರ ಜೊತೆ ಜಗಳ ಆಡಬಹುದು, ಮರ ಪ್ರೀತಿಸುವವರ ಮುಂದೆ ಮರ ಬೇಡ ಅಂತ ಹೇಗೆ ಹೇಳುವುದು?

ಹೇಳಿದೆ. ಹೊಸದುರ್ಗದ ಆಫೀಸಿನಲ್ಲಿ ಅವರ ಮೇಜಿನ ಮುಂದೆ ನಿಂತು, ಆ ತಗ್ಗಿನ ಹುಲ್ಲು ಹೋದರೆ ಸೆಳೆವ ಮಲಗುವ ಜಾಗ ಹೋಗುತ್ತದೆ ಅಂದೆ.

"ಮರ ಬಂದ್ರೆ ಮರದ ಮೇಲೆ ಮಲಗ್ತಾವೆ ಬಿಡಮ್ಮ."

"ಮರದ ಮೇಲೆ ಮಲಗೋ ಹಕ್ಕಿ ಅಲ್ಲ ಸಾರ್."

"ಎಷ್ಟು ಬರ್ತಾವೆ? ಲೆಕ್ಕ ಕೊಡು. ಜಿಲ್ಲಾ ಮೀಟಿಂಗಲ್ಲಿ ಇಡ್ತೀನಿ, ಮೇಲಿನೋರು ಹೇಳಿದ ಹಾಗೆ ಮಾಡಾಣ."

ಸಂಜೆಯ ಲೆಕ್ಕಕ್ಕೆ ಇಬ್ಬರು ಬೇಕು. ಬೆಳಕು ಇಳಿಯುವಾಗ ಹಕ್ಕಿಗಳು ನಾಲ್ಕೂ ದಿಕ್ಕಿನಿಂದ ತಗ್ಗಿಗೆ ಬೀಳುತ್ತವೆ, ಬರೆಯಲು ತಲೆ ತಗ್ಗಿಸಿದರೆ ಒಂದೆರಡು ತಪ್ಪಿಹೋಗುತ್ತವೆ. ಹಾಗಾಗಿ ಕಾಟಣ್ಣ ಕೂಗುತ್ತಿದ್ದ, ನಾನು ತಲೆ ಎತ್ತದೆ ಕಿವಿಗೆ ಬಿದ್ದದ್ದನ್ನು ಬರೆಯುತ್ತಿದ್ದೆ. ಆ ಹಾಳೆಗಳನ್ನು ಹಾಗೇ ಚಿತ್ರದುರ್ಗದ ಆಫೀಸಿಗೆ ಟೈಪು ಮಾಡಲು ಕಳಿಸಿದೆ. ಅಲ್ಲಿ ಹೊಸದಾಗಿ ಬಂದಿದ್ದ ಕಂಪ್ಯೂಟರ್ ಹುಡುಗ ರಾಶಿ ಅಳೆಯುವುದನ್ನು ಕಂಡವನಲ್ಲ.

ಮೀಟಿಂಗಿಗೆ ಸಾಹೇಬರು ನನ್ನನ್ನೂ ಕರೆದೊಯ್ದರು. ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದೆ. ದೊಡ್ಡ ಅಧಿಕಾರಿ ನಮ್ಮ ವರದಿ ಬಿಡಿಸಿ ಕನ್ನಡಕ ಸರಿಮಾಡಿಕೊಂಡರು.

"ಹೊಸದುರ್ಗದಲ್ಲಿ ಸೆಳೆವ ಬರ್ತಾವೆ, ಸರಿ. ಈ 'ಲಾಭ' ಯಾವ ಜಾತಿ ಹಕ್ಕಿರೀ? ದಿನಾ ಸಂಜೆ ಒಂದೇ ಒಂದು ಬರ್ತೈತಲ್ಲ?"

ಕಂಪ್ಯೂಟರ್ ಹುಡುಗ ಪ್ರತಿ ಸಂಜೆಯ ಮೊದಲ ಹಕ್ಕಿಯನ್ನು 'ಲಾಭ' ಎಂಬ ಬೇರೆ ಜಾತಿ ಮಾಡಿ ಅದಕ್ಕೊಂದು ಸಾಲನ್ನೇ ಕೊಟ್ಟಿದ್ದ. ಯಾರೋ, "ಬರಲಿ ಬಿಡಿ ಸಾರ್, ನಮಗೆ ಲಾಭ ಬರೋದೇ ಅಪರೂಪ" ಅಂದರು. ಇಡೀ ಹಾಲ್ ನಕ್ಕಿತು. ಸಾಹೇಬರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ ಕುಳಿತರು. ನಗು ನಿಲ್ಲುವಷ್ಟರಲ್ಲಿ ಮುಂದಿನ ವಿಷಯ ಬಂತು, ಕಾವಲಿಗೆ ಸಸಿ ನೆಡುವುದು ಹಾಗೇ ಪಾಸಾಯಿತು.

ವಾಪಸು ಬರುವಾಗ ಜೀಪಿನಲ್ಲಿ, "ಸಾರ್, ಅದು ಏನಾಯ್ತು ಅಂದ್ರೆ" ಅಂತ ಬಾಯಿ ತೆರೆದೆ.

"ಸುಮ್ನಿರಮ್ಮ" ಅಂದರು.

ಹೊಸದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಇಳಿಯುವ ಮುಂಚೆ ಧೈರ್ಯ ಮಾಡಿದೆ. "ಗುಂಡಿ ತೋಡೋಕೆ ಮುಂಚೆ ಒಂದು ಸಂಜೆ ಬಂದು ಗುಂಡಿನ ಮೇಲೆ ಕುಂತ್ಕಳ್ರಿ ಸಾರ್. ಆಮೇಲೆ ನೀವು ಹೇಳಿದಂಗೆ." ಅವರು ಜೀಪಿನ ಬಾಗಿಲು ಎಳೆದುಕೊಂಡರು. ಲೆಕ್ಕ ಸರಿಯಾಗಿತ್ತು, ಹಕ್ಕಿಗಳೂ ನಿಜ, ಒಂದು ಪದದಿಂದ ಎಲ್ಲ ನಗೆಪಾಟಲಾಗಿತ್ತು. ಆ ಪದ ತಪ್ಪೂ ಆಗಿರಲಿಲ್ಲ, ಅದೇ ಹೆಚ್ಚು ಉರಿಯುತ್ತಿತ್ತು.

ಅವರು ಬಂದರು. ಗುಂಡಿ ತೋಡುವ ಜೆಸಿಬಿ ಆಗಲೇ ಕಾವಲಿನ ಅಂಚಿಗೆ ಬಂದು ನಿಂತಿತ್ತು, ಬೆಳಿಗ್ಗೆ ಕೆಲಸ ಶುರು. ಏದುಸಿರು ಬಿಡುತ್ತಾ ಗುಂಡು ಹತ್ತಿ ಕುಳಿತರು. ಕಾಟಣ್ಣ ತಲೆವಸ್ತ್ರ ಬಿಚ್ಚಿ ಕೈಮುಗಿದು, ತುಸು ದೂರದಲ್ಲಿ ಕಾವಲಿಗೆ ಮುಖ ಮಾಡಿ ಕುಳಿತ. ಬಿಸಿಲು ಇಳಿಯಿತು. ಒಂದು ಹಕ್ಕಿಯೂ ಇಲ್ಲ. ಹಿನ್ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು, ಅಷ್ಟೇ.

"ಎಲ್ಲಿವೆಯಮ್ಮ ನಿನ್ನ ಹಕ್ಕಿ?"

ಕಾಟಣ್ಣನೇ ಹೇಳಿದ, "ಬರ್ತಾವೆ ಸಾಹೇಬ್ರೆ. ಕುಂತ್ಕಳ್ರಿ."

ಸೂರ್ಯ ತೆಂಗಿನ ತೋಟಗಳ ಹಿಂದಕ್ಕೆ ಹೋದ. ಸಾಹೇಬರು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು. ನಮಗೆ ಬೆನ್ನು ಹಾಕಿ, ಇಳಿಯಲು ಒಂದು ಕಾಲು ಕೆಳಗಿಟ್ಟು, "ನಡೀರಿ, ಹೋಗಾಣ" ಅಂದರು.

"ಲಾಭ!" ಅಂತ ಕೂಗಿದ ಕಾಟಣ್ಣ.

"ಎರಡು" ಅಂದರು ಸಾಹೇಬರು.

ತಿರುಗಿ ನೋಡಿರಲಿಲ್ಲ, ಹಕ್ಕಿ ಕಂಡಿರಲಿಲ್ಲ. ಬಾಯಿ ತಾನಾಗಿ ಅಂದುಬಿಟ್ಟಿತ್ತು. ತಮ್ಮ ದನಿಗೆ ತಾವೇ ಬೆಚ್ಚಿದ ಹಾಗೆ ತಿರುಗಿದರು. ಹುಲ್ಲಿನ ಮೇಲೆ ಬೂದಿ ಬಣ್ಣದ ಗಂಡು ಸೆಳೆವವೊಂದು ತೇಲಿಕೊಂಡು ಬರುತ್ತಿತ್ತು. ಅದರ ಹಿಂದೆ ಕಂದು ಹೆಣ್ಣು.

"ಎರಡು" ಅಂದ ಕಾಟಣ್ಣ.

"ಮೂರು" ಅಂದರು ಸಾಹೇಬರು, ಮತ್ತೆ ಕುಳಿತುಕೊಳ್ಳುತ್ತಾ.

ಆಮೇಲೆ ಅವು ಬಂದ ಬಗೆ ಏನು ಹೇಳಲಿ. ಹಿನ್ನೀರಿನ ಕಡೆಯಿಂದ, ಹೊಲಗಳ ಕಡೆಯಿಂದ, ನಮ್ಮ ತಲೆಯ ಹಿಂದಿನಿಂದ. ತಗ್ಗಿನ ಮೇಲೆ ಸುತ್ತು ಹಾಕಿ, ಕಾಲು ಇಳಿಬಿಟ್ಟು, ಒಂದೊಂದೇ ಹುಲ್ಲಿನಲ್ಲಿ ಮುಳುಗಿದವು. ಕಾಟಣ್ಣ ಒಂದು ಸಂಖ್ಯೆ ಕೂಗುತ್ತಿದ್ದ, ಸಾಹೇಬರು ಮುಂದಿನದನ್ನು ಹೇಳಿ ದಾರಿ ಕಾಯುತ್ತಿದ್ದರು. ನನ್ನ ಪೆನ್ನು ಆಡುವಷ್ಟು ಬೆಳಕು ಇರಲಿಲ್ಲ. ಬರೆಯುವುದು ಬಿಟ್ಟು ನೋಡಿದೆ. ನನ್ನ ಸೇವೆಯಲ್ಲೆಲ್ಲ ಅಷ್ಟು ಖುಷಿಯಾಗಿ ಲೆಕ್ಕ ತಪ್ಪಿಸಿಕೊಂಡದ್ದು ಅದೊಂದೇ ಸಲ.

ಕತ್ತಲಾದ ಮೇಲೂ ಸಾಹೇಬರು ಏಳಲಿಲ್ಲ. "ನಮ್ಮಪ್ಪ ಕೊಳಗ ಹಿಡಿಯೋರು, ನಾನು ಚೀಲ ಹಿಡಿಯೋನು" ಅಂದರು. "ಅಪ್ಪ ಲಾಭ ಅಂದ್ರೆ ನಾನು ಎರಡು ಅನ್ಬೇಕು. ಲೆಕ್ಕ ಇಬ್ಬರ ಬಾಯಲ್ಲೂ ಇರ್ಲಿ ಅಂತ."

"ಹಾಗಾದ್ರೆ ಮೀಟಿಂಗಲ್ಲಿ ನಿಮಗೆ ಗೊತ್ತಿತ್ತಲ್ಲ ಸಾರ್?"

"ಗೊತ್ತಿತ್ತಮ್ಮ. ಅಷ್ಟು ಜನರ ಮುಂದೆ ಕಣದ ಮಾತು ಆಡೋಕೆ ನಾಚಿಕೆ ಆಯ್ತು." ತಗ್ಗಿನ ಕಡೆ ಮುಖ ತಿರುಗಿಸಿ ಹೇಳಿದರು, "ರಾಶಿ ಮುಗಿದ ಮೇಲೆ ಅಪ್ಪ ಕಣ ಪೂರ್ತಿ ಗುಡಿಸೋಕೆ ಬಿಡ್ತಿರಲಿಲ್ಲ. ನಾಲ್ಕು ಕಾಳು ಇರ್ಲಿ, ಹಕ್ಕಿಪಕ್ಕಿ ತಿನ್ಲಿ ಅನ್ನೋರು."

ಕಾಟಣ್ಣ ಕತ್ತಲಲ್ಲೇ ಅಂದ, "ಹಂಗಾದ್ರೆ ಬಿಟ್ಬಿಡ್ರಿ ಸಾಹೇಬ್ರೆ, ಆ ತಗ್ಗೊಂದು."

ಕಾಗದದಲ್ಲಿ ಅವರು ಏನು ಕಾರಣ ಬರೆದರೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಜೆಸಿಬಿ ತಗ್ಗಿನ ಅಂಚಿನವರೆಗೆ ಬಂದು ತಿರುಗಿತು. ಮಿಕ್ಕ ಕಾವಲೆಲ್ಲ ಗುಂಡಿ ಬಿತ್ತು, ಸಸಿ ಬಂತು. ಅರ್ಧ ಗೆದ್ದೆವೋ ಅರ್ಧ ಸೋತೆವೋ ಎಂದು ಕಾಟಣ್ಣನೂ ನಾನೂ ಆಗಾಗ ವಾದ ಮಾಡುತ್ತಿದ್ದೆವು. ಕುರಿ ಮೇಯುವ ಜಾಗ ಕಳೆದುಕೊಂಡ ಅವನೇ ಗೆದ್ದೆವು ಅನ್ನುತ್ತಿದ್ದ, ನನಗೆ ಹಾಗೆನ್ನಲು ಬಾಯಿ ಬರುತ್ತಿರಲಿಲ್ಲ.

ಆಮೇಲೆ ಕೆಲಸದ ರೀತಿ ಬದಲಾಗುತ್ತಾ ಹೋಯಿತು. ಲೆಕ್ಕಕ್ಕೆ ಹಕ್ಕಿಗೊಂದರಂತೆ ಮಡಿಲಲ್ಲಿ ಬೆಣಚುಕಲ್ಲು ಹಾಕಿಕೊಳ್ಳುತ್ತಿದ್ದ ನನಗೆ ಟಕ್ ಟಕ್ ಅನ್ನುವ ಎಣಿಕೆ ಯಂತ್ರ ಬಂತು, ಒಳ್ಳೆಯ ದುರ್ಬೀನು ಬಂತು, ಕೊನೆಗೆ ಎಲ್ಲವೂ ಫೋನಿನೊಳಗೆ ಹೋಯಿತು. ಎದುರು ಸಾಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದು ನಿಂತವು, ಗಿಡುಗಗಳು ಅವನ್ನು ಬಳಸಿ ಹೋಗುವುದನ್ನು ಕಲಿತವು. ಎಲ್ಲವೂ ಕಲಿತವು ಎಂದು ಹೇಳಲಾರೆ. ಸೆಳೆವಗಳು ವರ್ಷದಿಂದ ವರ್ಷಕ್ಕೆ ಕಮ್ಮಿಯಾದವು. ಹುಲ್ಲು ಇಲ್ಲಷ್ಟೇ ಅಲ್ಲ, ಅವು ಬರುವ ದಾರಿಯುದ್ದಕ್ಕೂ ಹೋಗುತ್ತಿತ್ತು. ನಮ್ಮ ತಗ್ಗು ಮಾತ್ರ ಇದ್ದ ಹಾಗೇ ಇತ್ತು.

ಸಾಹೇಬರು ನನಗಿಂತ ಮುಂಚೆ ನಿವೃತ್ತರಾಗಿ ಊರು ಸೇರಿದರು. ದೀಪಾವಳಿ ಹತ್ತಿರ ಬಂದಾಗ ತಪ್ಪದೆ ಫೋನ್ ಮಾಡುತ್ತಾರೆ. ಹಬ್ಬದ ಶುಭಾಶಯವೂ ಇಲ್ಲ, ಆರೋಗ್ಯದ ವಿಚಾರವೂ ಇಲ್ಲ. ನೇರ "ಎಷ್ಟಮ್ಮ?" ಅನ್ನುತ್ತಾರೆ. ನನ್ನ ನಿವೃತ್ತಿಯ ನಂತರವೂ ಅದು ನಿಂತಿಲ್ಲ, ಹಾಗಾಗಿ ಗುಡ್ಡ ಹತ್ತುವುದನ್ನು ನಾನೂ ನಿಲ್ಲಿಸಿಲ್ಲ.

ಹೋದ ವರ್ಷ ಹತ್ತಿದಾಗ ನನ್ನ ಕಣ್ಣಿಗೆ ಪೊರೆ ಬಂದಿತ್ತು. ಕಾಟಣ್ಣನಿಗೆ ಕಣ್ಣು ಚೆನ್ನಾಗಿದೆ, ಕಿವಿ ಹೋಗಿದೆ. ಮಂದೆ ಈಗ ತಮ್ಮನ ಮಕ್ಕಳ ಕೈಯಲ್ಲಿದೆ, ಅವನು ಬರೀ ಹಕ್ಕಿ ನೋಡಲು ಹರಿಯಬ್ಬೆಯಿಂದ ಬಸ್ಸು ಹಿಡಿದು ಬಂದಿದ್ದ. ಈಗಿನ ಗಾರ್ಡ್ ಲತಾ ಎಂಬ ಚುರುಕು ಹೆಂಗಸು ಫೋನ್ ಹಿಡಿದು ನಮ್ಮ ಪಕ್ಕ ಕುಳಿತಳು. ಆ ವರ್ಷ ಅಲ್ಲಿಯವರೆಗೆ ಒಂದೂ ಇಳಿದಿಲ್ಲ ಎಂದು ಮೊದಲೇ ಹೇಳಿದ್ದಳು. ಇಷ್ಟು ವರ್ಷ ಕಾಯ್ದ ತಗ್ಗು ಖಾಲಿ ಉಳಿದರೆ ಸಾಹೇಬರಿಗೆ ಏನು ಹೇಳಲಿ?

ಬಿಸಿಲು ಹೋಯಿತು. ನನಗೆ ಕಾಣುತ್ತಿದ್ದದ್ದು ಹಳದಿ ಮಂಕು, ಅದರ ಮೇಲೆ ಬೂದು ಮಂಕು.

"ಲಾಭ" ಅಂದ ಕಾಟಣ್ಣ.

"ಎಲ್ಲಿ?" ಅಂದೆ. ನನ್ನ ಕೈ ಹಿಡಿದು ತೋರಿಸಿದ. ನನಗೆ ಕಾಣಲಿಲ್ಲ.

"ಒಂದು" ಅನ್ನುತ್ತಾ ಲತಾ ಫೋನಿನ ಮೇಲೆ ಬೆರಳು ಇಟ್ಟಳು. ಕಿವಿ ಕೇಳದಿದ್ದರೂ ಅವಳ ತುಟಿ ನೋಡಿ ಕಾಟಣ್ಣನಿಗೆ ಗೊತ್ತಾಯಿತು.

"ಒಂದು ಅನ್ಬ್ಯಾಡವ್ವ. ಲಾಭ ಅನ್ನು."

ನಕ್ಷತ್ರ ಮೂಡುವವರೆಗೆ ಕಾದೆವು. ಎರಡನೆಯದು ಬರಲಿಲ್ಲ. ಅಷ್ಟು ದೊಡ್ಡ ತಗ್ಗಿನ ಹುಲ್ಲಿನಲ್ಲಿ ಆ ರಾತ್ರಿ ಮಲಗಿದ್ದು ಒಂದೇ ಹಕ್ಕಿ. ಹಿಂದಿನವರು ಆ ಸಂಖ್ಯೆಯನ್ನು ಬಾಯಲ್ಲಿ ಆಡಲು ಯಾಕೆ ಅಷ್ಟು ಹೆದರುತ್ತಿದ್ದರು ಎಂದು ನನಗೆ ಆಗ ತಿಳಿಯಿತು.

ಗುಡ್ಡ ಇಳಿಯುವಾಗಲೇ ಫೋನ್ ಬಂತು.

"ಎಷ್ಟಮ್ಮ?"

"ಲಾಭ, ಸಾರ್" ಅಂದೆ. ಮುಂದೆ ಹೇಳಲು ಏನೂ ಇರಲಿಲ್ಲ.

"ನಾಳೆನೂ ಹತ್ತಮ್ಮ" ಅಂದರು. "ಎರಡು ಅನ್ನೋಕೆ ಯಾರಾದ್ರೂ ಇರ್ಬೇಕಲ್ಲ."

ಹತ್ತಿದೆ.